ಟೇಪು ಬೇಡದ ಕಣ್ಣು

ರೈಲು ನಿಲ್ದಾಣದ ಕ್ಯಾಂಟೀನಿನಲ್ಲಿ, ಬೆಳಿಗ್ಗೆ ಎಂಟು ಗಂಟೆಗೆ, ಎದುರು ಮೇಜಿನ ದಪ್ಪ ಮನುಷ್ಯ ಬನ್ನಿಗೆ ಬೆಣ್ಣೆ ಸವರುವುದನ್ನು ಅರ್ಧಕ್ಕೇ ನಿಲ್ಲಿಸಿದ.

"ಏನ್ರೀ ಯಜಮಾನ್ರೇ, ಆಗಲಿಂದ ನೋಡ್ತಾನೇ ಇದೀರ. ನನ್ನ ಮುಖದ ಮೇಲೆ ಏನಾದ್ರೂ ಬರೆದಿದೆಯಾ?"

ಪೆಟ್ಟಿಗೆ ಮಾವ ಬೆಚ್ಚಿಬಿದ್ದರು. ಬೆಚ್ಚಿಬಿದ್ದವರಿಗೆ ಸುಳ್ಳು ಬೇಗ ಹೊಳೆಯುವುದಿಲ್ಲ. ಬಾಯಿಗೆ ಬಂದದ್ದು ನಿಜವೇ.

"ಐದು ಅಡಿ ಹನ್ನೊಂದು ಇಂಚು," ಎಂದರು. "ಭುಜ ಇಪ್ಪತ್ತಾರು."

ಆ ಮನುಷ್ಯನ ಮುಖ ಬೆಣ್ಣೆಗಿಂತ ಬೇಗ ಕರಗಿತು. "ಅರೆ! ಟೈಲರಾ ನೀವು? ಕೂತಲ್ಲೇ ಕೂತು ಹೇಳಿಬಿಟ್ರಲ್ರೀ! ನಮ್ಮ ಟೈಲರು ಟೇಪು ಹಿಡ್ಕೊಂಡು ನನ್ನ ಸುತ್ತ ಮೂರು ಪ್ರದಕ್ಷಿಣೆ ಹಾಕ್ತಾನೆ, ಆದ್ರೂ ಕೋಟು ಕಂಕುಳಲ್ಲಿ ಹಿಡಿಯುತ್ತೆ. ನಿಮ್ಮದೊಂದು ಕಾರ್ಡಿದ್ರೆ ಕೊಡಿ ಸ್ವಾಮಿ."

ಕಾರ್ಡು ಕೇಳಿದರೆ ಕೊಡುವುದು ಮೂವತ್ತು ವರ್ಷದ ಅಭ್ಯಾಸ. ಮಾವನ ಕೈ ತಾನಾಗಿಯೇ ಜೇಬಿಗೆ ಹೋಗಿ ಬಂತು. ಆತ ಕಾರ್ಡನ್ನು ದೂರ ಹಿಡಿದು ಓದಿದ, ಹತ್ತಿರ ಹಿಡಿದು ಓದಿದ. "ಶವಪೆಟ್ಟಿಗೆಗಳು. ಅಳತೆಗೆ ತಕ್ಕಂತೆ. ಅದೇ ದಿನ ಸಿದ್ಧ." ಆಮೇಲೆ ಅದನ್ನು ತಟ್ಟೆಯ ಕೆಳಗೆ ತಳ್ಳಿ, ಟೋಪಿ ತೆಗೆದುಕೊಂಡು ಹೊರಟೇ ಹೋದ. ಅರ್ಧ ಬೆಣ್ಣೆ ಸವರಿದ ಬನ್ನು ಅನಾಥವಾಗಿ ಉಳಿಯಿತು.

ಎರಡು ಮೇಜಿನವರು ಮುಖ ತಿರುಗಿಸಿಕೊಂಡರು. ಕ್ಯಾಂಟೀನಿನವನು ನಗಲೋ ಬೇಡವೋ ಎಂದು ಲೋಟ ಒರೆಸುತ್ತಾ ನಿಂತ.

"ರೀ, ಊರು ನೋಡೋಕೆ ಬಂದವರು ಕಾರ್ಡು ಯಾಕೆ ಹಿಡ್ಕೊಂಡು ಬಂದ್ರಿ?" ಎಂದರು ಅತ್ತೆ. ಅವರಿಗೆ ನಗುವೂ ಬಂದಿತ್ತು, ನಾಚಿಕೆಯೂ ಆಗಿತ್ತು.

"ಅಂಗಿ ಜೇಬಲ್ಲೇ ಇತ್ತು," ಎಂದರು ಮಾವ, ಸಕ್ಕರೆ ಡಬ್ಬಿಯನ್ನು ನೋಡುತ್ತಾ.

"ಸಕ್ಕರೆ ಡಬ್ಬಿಗೆ ಹೇಳಿದ್ದು ಸಾಕು. ಪ್ರಶ್ನೆ ಕೇಳಿದ್ದು ನಾನು."

ಮಾವ ಡಬ್ಬಿಯಿಂದ ಕಣ್ಣೆತ್ತಿ ಗೋಡೆಯ ಗಡಿಯಾರ ನೋಡಿದರು. ಅತ್ತೆಯ ಮುಖ ಡಬ್ಬಿಗೂ ಗಡಿಯಾರಕ್ಕೂ ಸರಿಯಾಗಿ ನಡುವೆ ಇತ್ತು. ಅವರ ಕಣ್ಣು ಅದನ್ನು ದಾಟಿಕೊಂಡು ಹೋಯಿತು, ನಿಲ್ಲದ ನಿಲ್ದಾಣವನ್ನು ಎಕ್ಸ್‌ಪ್ರೆಸ್ ರೈಲು ದಾಟುವ ಹಾಗೆ.

ಮೂರು ವಾರದಿಂದ ಹೀಗೇ ನಡೆದಿತ್ತು.

ಪೆಟ್ಟಿಗೆ ಮಾವನದು ನಮ್ಮ ಬೀದಿಯ ಕಡೆಯ ಅಂಗಡಿ. ಯಾವ ಅರ್ಥದಲ್ಲಿ ತೆಗೆದುಕೊಂಡರೂ ಕಡೆಯ ಅಂಗಡಿಯೇ. ಬೀದಿಯಲ್ಲಿ ಅವರು ಎಲ್ಲರಿಗೂ ಮಾವ, ಅವರ ಹೆಂಡತಿ ಎಲ್ಲರಿಗೂ ಅತ್ತೆ. ಸಂಬಂಧ ಹಚ್ಚಿಕೊಂಡರೆ ದಾಕ್ಷಿಣ್ಯಕ್ಕಾದರೂ ನಮ್ಮನ್ನು ತಡವಾಗಿ ಕರೆಯುತ್ತಾರೆ ಎಂಬ ಆಸೆಯೂ ಅದರಲ್ಲಿ ಸ್ವಲ್ಪ ಇದ್ದಿರಬಹುದು. ಮುಂದಿನ ಕೋಣೆಯಲ್ಲಿ ಹಲಗೆ, ಗರಗಸ, ಕುದಿಯುವ ಅಂಟಿನ ವಾಸನೆ. ಹಿಂದಿನ ಕೋಣೆಯಲ್ಲಿ ಅತ್ತೆಯ ಹೊಲಿಗೆ ಯಂತ್ರ. ಪೆಟ್ಟಿಗೆಯ ಹೊರಗು ಮಾವನದು, ಒಳಗು ಅತ್ತೆಯದು. ಬಿಳಿ ಬಟ್ಟೆಯನ್ನು ನೆರಿಗೆ ಹಿಡಿದು ಹೊಲಿದು ಒಳಗೋಡೆಗೆ ಹಚ್ಚುವುದು, ತಲೆಯ ಕಡೆ ಒಂದು ಚಿಕ್ಕ ದಿಂಬು ಇಡುವುದು ಅವರ ಕೆಲಸ. "ಮಲಗಿದವರಿಗೆ ಏನು ಗೊತ್ತಾಗುತ್ತೆ ಅತ್ತೆ, ದಿಂಬಿಗೆ ಯಾಕೆ ಅಷ್ಟು ಹತ್ತಿ?" ಎಂದು ಯಾರೋ ಕೇಳಿದ್ದಕ್ಕೆ, "ನೋಡೋರಿಗೆ ಕತ್ತು ನೋಯಬಾರದಲ್ಲ," ಎಂದಿದ್ದರು.

ಸಾವಿನ ಪೆಟ್ಟಿಗೆ ಔಷಧವಿಲ್ಲ, ಬರಿ ಪೆಟ್ಟಿಗೆ ಇದೆ ಎಂದು ಬೀದಿಯ ಕಾಂಪೌಂಡರು ತಮಾಷೆ ಮಾಡುತ್ತಿದ್ದ. ಮಾವ ಅದಕ್ಕೂ ನಗುತ್ತಿದ್ದರು. ನಗದ ವಿಷಯ ಒಂದೇ, ಟೇಪು. ಅಳುವ ಮನೆಯಲ್ಲಿ ಅಳೆಯುವುದು ಅವರಿಗೆ ಸರಿಬರಲಿಲ್ಲ. ಟೇಪು ಎಳೆದರೆ ಸರ್ ಎಂದು ಸದ್ದಾಗುತ್ತದೆ, ಬಿಟ್ಟರೆ ಟಪ್ ಎಂದು ಸುತ್ತಿಕೊಳ್ಳುತ್ತದೆ. ಆ ಸದ್ದಿಗೆ ಅಲ್ಲಿಯವರೆಗೆ ತಡೆದುಕೊಂಡಿದ್ದ ಮನೆಯವರು ಒಡೆದುಹೋಗುವುದನ್ನು ಮಾವ ಹರೆಯದಲ್ಲೇ ಕಂಡಿದ್ದರು. ಅಂದಿನಿಂದ ಟೇಪು ಬಿಟ್ಟರು. ಸತ್ತವರ ಮನೆಗೆ ಹೋಗಿ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವುದು, ತಲೆಯಿಂದ ಪಾದದವರೆಗೆ ಒಂದು ಸಲ ನೋಡುವುದು, ಯಾರ ಹತ್ತಿರವೂ ಮಾತಾಡದೆ ಹಿಂದಿರುಗುವುದು. ಸಂಜೆಗೆ ಪೆಟ್ಟಿಗೆ ಬರುತ್ತಿತ್ತು. ಬಿಗಿಯೂ ಇಲ್ಲ, ಸಡಿಲವೂ ಇಲ್ಲ. ಮೂವತ್ತು ವರ್ಷದಲ್ಲಿ ಅರ್ಧ ಇಂಚು ತಪ್ಪಿದ್ದಿಲ್ಲ.

ಆದರೆ ಕಣ್ಣಿಗೆ ಒಂದು ಕೆಲಸ ಕಲಿಸಿದರೆ ಅದು ಭಾನುವಾರ ರಜೆ ತೆಗೆದುಕೊಳ್ಳುವುದಿಲ್ಲ. ಕಂಡಕ್ಟರು ಟಿಕೆಟ್ ಹರಿಯುವಾಗ ಐದು ಏಳು. ಮದುವೆಯಲ್ಲಿ ಗಂಡು ಐದು ಒಂಬತ್ತು, ಹೆಣ್ಣು ಐದು ಎರಡು. ಮಾವ ಬಯಸಿ ಅಳೆಯುತ್ತಿರಲಿಲ್ಲ. ಅಂಕಿ ತಾನಾಗಿ ಬಂದು ಕೂರುತ್ತಿತ್ತು. ಜನಕ್ಕೆ ಇದು ಗೊತ್ತಾಗಿ, ಸಮಾರಂಭಗಳಲ್ಲಿ ಅವರಿಗೆ ಕಂಬದ ಮರೆಯ ಕುರ್ಚಿ ಖಾಯಂ ಆಯಿತು. ಮಾವ ಎರಡು ಸಲ ನೋಡಿದರೆ ಮೂರನೇ ಸಲ ಕೆಲಸಕ್ಕೇ ಬರುತ್ತಾರೆ ಎಂದು ಬೀದಿಯಲ್ಲಿ ಮಾತಿತ್ತು. ಅತ್ತೆ ಮಾತ್ರ, "ನನ್ನನ್ನ ದಿನಕ್ಕೆ ಇನ್ನೂರು ಸಲ ನೋಡ್ತಾರೆ, ಗುಂಡುಕಲ್ಲಿನ ಹಾಗೆ ಇದೀನಿ," ಎಂದು ಅದನ್ನು ತಳ್ಳಿಹಾಕುತ್ತಿದ್ದರು.

ಆ ಅತ್ತೆಗೆ ಕೆಮ್ಮು ಹಿಡಿಯಿತು. ಎರಡು ತಿಂಗಳಾದರೂ ಬಿಡಲಿಲ್ಲ. ಎದೆಯ ಫೋಟೋ ತೆಗೆಸಿದಾಗ ಬಲಗಡೆ ಶ್ವಾಸಕೋಶದಲ್ಲಿ ಗೋಲಿಯಷ್ಟು ಬಿಳಿ ಮಚ್ಚೆ ಕಂಡಿತು. ಊರಿನ ಡಾಕ್ಟರು ಫೋಟೋವನ್ನು ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿ, ದೊಡ್ಡ ನಗರದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಸೂಜಿ ಹಾಕಿ ಚೂರು ತೆಗೆದು, ಎರಡು ವಾರ ಬಿಟ್ಟು ಬನ್ನಿ, ಬೆಳಿಗ್ಗೆ ಒಂಬತ್ತಕ್ಕೆ, ಅಂದರು.

ಈ ಕ್ಯಾಂಟೀನಿನ ಮರುದಿನ ಒಂಬತ್ತಕ್ಕೆ ಏನಾಯಿತು ಎಂದು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಕಡೆಯ ಪುಟಕ್ಕೆ ಹಾರುತ್ತೀರಿ. ಮಚ್ಚೆ ಕೆಟ್ಟದ್ದೇ ಆಗಿತ್ತು. ಶ್ವಾಸಕೋಶದ ಒಂದು ಭಾಗ ತೆಗೆದರು, ಒಂದು ವರ್ಷ ಔಷಧ ನಡೆಯಿತು. ಅತ್ತೆ ಉಳಿದರು. ಇದನ್ನೆಲ್ಲ ನನಗೆ ಹೇಳಿದವರೂ ಅವರೇ. ಆದರೆ ನಾನು ಹೇಳಹೊರಟ ದಿನ ಇದು ಯಾರಿಗೂ ಗೊತ್ತಿರಲಿಲ್ಲ. ಅಲ್ಲದೆ ಆ ದಿನ ಅತ್ತೆಗೆ ಮಚ್ಚೆಯ ಚಿಂತೆಗಿಂತ ದೊಡ್ಡ ಚಿಂತೆ ಬೇರೆ ಇತ್ತು.

ಫೋಟೋ ಬಂದ ಸಂಜೆಯಿಂದ ಮಾವ ಅವರನ್ನು ನೋಡುವುದನ್ನೇ ನಿಲ್ಲಿಸಿದ್ದರು.

ಮಾತು ನಿಂತಿರಲಿಲ್ಲ. ಮಾತ್ರೆ ನುಂಗಿದೆಯಾ ಎಂದು ಕೇಳುತ್ತಿದ್ದರು, ಆದರೆ ಮಾತ್ರೆಯ ಬಾಟಲಿಯನ್ನು ನೋಡಿ ಕೇಳುತ್ತಿದ್ದರು. ಬಿಸಿನೀರು ಕಾಸಿ ಕೊಡುತ್ತಿದ್ದರು, ಲೋಟದ ಮೇಲೆಯೇ ಕಣ್ಣಿಟ್ಟು. ಊಟಕ್ಕೆ ಪಕ್ಕದಲ್ಲಿ ಕೂರತೊಡಗಿದರು. ಮೂವತ್ತೊಂದು ವರ್ಷ ಎದುರಿಗೆ ಕೂತವರು! ಅತ್ತೆ ಮೊದಲು ಅಂದುಕೊಂಡಿದ್ದು, ಕೋಪವಿರಬೇಕು, ಕೆಮ್ಮನ್ನು ಮುಚ್ಚಿಟ್ಟೆ ಅಂತ. ಆಮೇಲೆ ಅಂದುಕೊಂಡಿದ್ದು, ಅಸಹ್ಯವಿರಬೇಕು. ಎರಡೂ ಅಲ್ಲ ಎಂದು ಮಾವನ ಕೈಗಳು ಹೇಳುತ್ತಿದ್ದವು. ಹೊದಿಕೆ ಸರಿಮಾಡುವಾಗ ಅವು ಮೊದಲಿಗಿಂತ ಮೆತ್ತಗಿದ್ದವು. ಹಾಗಾದರೆ ಉಳಿದದ್ದು ಒಂದೇ. ಕಣ್ಣು ತನ್ನ ಕೆಲಸ ಮುಗಿಸಿದೆ. ಅಳತೆ ಸಿಕ್ಕಿದೆ. ಇನ್ನು ನೋಡುವುದಕ್ಕೆ ಏನು ಉಳಿದಿದೆ?

ಈ ಅನುಮಾನ ಬಲಿತ ವಾರವೇ, ಅಂಗಡಿಯ ಮೂಲೆಯಲ್ಲಿ ಎರಡು ಒಳ್ಳೆಯ ಹಲಗೆಗಳು ಗೋಣಿ ಮುಚ್ಚಿಕೊಂಡು ಬೇರೆಯಾಗಿ ನಿಂತಿರುವುದನ್ನು ಅತ್ತೆ ಕಂಡರು. ಗಂಟಿಲ್ಲದ, ಸೀಳಿಲ್ಲದ ಹಲಗೆ. ಗಿರಾಕಿಗೆ ಹಾಕುವಂಥದಲ್ಲ. ಅತ್ತೆ ಗೋಣಿಯನ್ನು ಇದ್ದ ಹಾಗೇ ಮುಚ್ಚಿ ಒಳಗೆ ಬಂದು, ಯಂತ್ರದ ಮುಂದೆ ಕೂತು, ದಾರವಿಲ್ಲದ ಸೂಜಿಯಲ್ಲಿ ಒಂದು ಗಳಿಗೆ ಹೊಲಿದರು.

ನಗರಕ್ಕೆ ನೇರ ರೈಲಿತ್ತು. ಅತ್ತೆಯೇ ಹಟ ಹಿಡಿದು ನಡುವಿನ ಈ ಊರಲ್ಲಿ ಇಳಿಯುವ ಟಿಕೆಟ್ ತೆಗೆಸಿದರು. ಬೆಳಿಗ್ಗೆ ಇಳಿದರೆ ಮುಂದಿನ ರೈಲು ಸಂಜೆ ಐದೂವರೆಗೆ.

"ಮೂವತ್ತೊಂದು ವರ್ಷದಲ್ಲಿ ಒಂದು ಊರು ತೋರಿಸಿಲ್ಲ ನೀವು. ಅರಮನೆಯಿದೆಯಂತೆ, ಕೆರೆಯಿದೆಯಂತೆ, ಕೆರೆ ದಂಡೇಲಿ ಮೀನು ಚೆನ್ನಾಗಿರುತ್ತಂತೆ. ನೋಡೋಣ, ತಿನ್ನೋಣ. ಒಂದು ದಿನ."

ಅವರ ಲೆಕ್ಕ ಸರಳವಾಗಿತ್ತು. ನೋಡುವುದಕ್ಕೆಂದೇ ಹೋದ ಕಡೆ ಮನುಷ್ಯ ಅತ್ತಿತ್ತ ಕತ್ತು ತಿರುಗಿಸಲೇಬೇಕು. ಹಾಗೆ ತಿರುಗಿಸುವಾಗ ಎಲ್ಲೋ ಒಂದು ಕಡೆ ತಾನು ಸಿಕ್ಕೇ ಸಿಗುತ್ತೇನೆ.

ಹೀಗೆ ಕ್ಯಾಂಟೀನಿನ ಅವಮಾನವನ್ನು ನುಂಗಿಕೊಂಡು ಇಬ್ಬರೂ ಊರು ನೋಡಲು ಹೊರಟರು. ಮಾವನ ಕೈಯಲ್ಲಿ ಬಟ್ಟೆಯ ಚೀಲ. ಅತ್ತೆಯ ಕೈಯಲ್ಲಿ ಆಸ್ಪತ್ರೆಯ ಕಾಗದಗಳ ದೊಡ್ಡ ಕೈಚೀಲ. ಮಡಚಬಾರದ ಫೋಟೋ ಅದರೊಳಗಿದ್ದುದರಿಂದ ಅತ್ತೆ ಅದನ್ನು ಸ್ವೆಟರಿನ ಮೇಲೆ ಮಗುವಿನ ಹಾಗೆ ಎದೆಗವಚಿಕೊಂಡೇ ನಡೆದರು.

ಅರಮನೆ ಈಗ ವಸ್ತು ಸಂಗ್ರಹಾಲಯ. ಹನ್ನೆರಡು ಜನರ ಗುಂಪಿಗೆ ಒಬ್ಬ ಗೈಡು. ಕೊಡೆಯನ್ನೇ ಕೋಲಾಗಿ ಹಿಡಿದು ಮುಂದೆ ಹೋಗುತ್ತಿದ್ದ. ಗಾಜಿನ ಪೆಟ್ಟಿಗೆಯಲ್ಲಿದ್ದ ಕಬ್ಬಿಣದ ಯುದ್ಧಕವಚದ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

"ನೋಡಿ, ಈ ರಾಜರ ಎತ್ತರ ಏಳು ಅಡಿ. ಕುದುರೆ ಮೇಲೆ ಕೂತರೆ ಪಾದ ನೆಲಕ್ಕೆ ತಾಗ್ತಿತ್ತಂತೆ."

ಗುಂಪು ಹೌಹಾರಿತು. ಮಾವ ಮೆಲ್ಲಗೆ, "ಐದು ಮೂರು," ಎಂದರು.

"ಯಾರದು?" ಎಂದ ಗೈಡು.

"ಏನಿಲ್ಲ ಬಿಡಿ."

"ಇಲ್ಲ, ಹೇಳಿ. ಏನೋ ಅಂದ್ರಿ."

"ಐದು ಅಡಿ ಮೂರು ಇಂಚು. ಕಿರೀಟ ಬೇರೆ."

"ಓಹೋ! ನೀವು ರಾಜರನ್ನ ನೋಡಿದೀರಾ?"

"ಇಲ್ಲಪ್ಪಾ. ಅಂಗಿ ನೋಡಿದೆ."

ಜನ ನಕ್ಕರು. ಗೈಡಿಗೆ ಮುಖ ಕೆಂಪಾಯಿತು. "ಇಪ್ಪತ್ತು ವರ್ಷದಿಂದ ಏಳು ಅಡಿ ಹೇಳ್ತಿದೀನಿ ಸ್ವಾಮಿ, ಇವತ್ತಿನವರೆಗೆ ಒಬ್ಬರೂ ತಕರಾರು ಮಾಡಿಲ್ಲ."

"ಕುದುರೆ ಮಾಡಿರಬೇಕು," ಎಂದರು ಅತ್ತೆ.

ಈ ಸಲ ಗೈಡೂ ನಕ್ಕುಬಿಟ್ಟ. ಮುಂದಿನ ಕೋಣೆಯಲ್ಲಿ ರಾಜರ ಮಂಚ ಬಂದಾಗ, ಆತನೇ ಕೊಡೆಯಿಂದ ಮಾವನನ್ನು ಮುಂದಕ್ಕೆ ಕರೆದ. "ಬನ್ನಿ, ನೀವೇ ಹೇಳಿಬಿಡಿ." ಮಾವ ಹುರುಪಾದರು. ಮಂಚದ ಉದ್ದ, ಹಾಸಿಗೆಯ ನಡುವಿನ ತಗ್ಗು, ರಾಜರು ಬಲಮಗ್ಗುಲಲ್ಲಿ ಮೊಣಕಾಲು ಮಡಚಿ ಮಲಗುತ್ತಿದ್ದರು ಎಂಬುದರ ಗುರುತು, ಎಲ್ಲವನ್ನೂ ವಿವರಿಸಿದರು. ನೂರಾರು ವರ್ಷದ ಹಿಂದೆ ಸತ್ತವನನ್ನು ಎಷ್ಟು ಪ್ರೀತಿಯಿಂದ ನೋಡುತ್ತಾರಲ್ಲ ಎಂದು ಅತ್ತೆಗೆ ಅನಿಸಿತು. ಹೇಳುತ್ತಾ ಹೇಳುತ್ತಾ ಮಾವ, ಹೇಗಿದೆ ನನ್ನ ಪಾಂಡಿತ್ಯ ಎಂಬಂತೆ, ಹಳೆಯ ಅಭ್ಯಾಸದಲ್ಲಿ ಅತ್ತೆಯ ಕಡೆ ತಿರುಗಿದರು. ಕಣ್ಣು ಚೀಲದವರೆಗೆ ಬಂತು. ಭುಜದವರೆಗೆ ಏರಿತು. ಅತ್ತೆ ಉಸಿರು ಬಿಗಿಹಿಡಿದರು.

ಕಣ್ಣು ಅಲ್ಲಿಂದ ಜಾರಿ ನೆಲದ ಹಾಸುಗಲ್ಲಿಗೆ ಬಿತ್ತು. "ಸರಿ, ಮುಂದೆ ನಡೀರಿ," ಎಂದರು ಮಾವ, ಯಾರಿಗೋ.

ಕೆರೆ ದಂಡೆಯಲ್ಲಿ ತಗಡಿನ ಚಪ್ಪರ, ಉದ್ದನೆ ಬೆಂಚು, ದೊಡ್ಡ ಕಾವಲಿಯ ಮೇಲೆ ಚಟಚಟ ಅನ್ನುವ ಮೀನು. ಮಾಡುವವಳು ಗಟ್ಟಿಗಿತ್ತಿ, ತೋಳಿನವರೆಗೆ ಮಡಚಿದ ರವಿಕೆಯ ಕೈ, ಹಣೆಗೆ ಸುತ್ತಿದ ಬಟ್ಟೆ. ಆಗತಾನೆ ಕೆರೆಯಿಂದ ತೆಗೆದ ಮೀನನ್ನು ಉಪ್ಪು, ಖಾರ, ಹುಳಿ ಹಚ್ಚಿ ಕಾವಲಿಗೆ ಹಾಕಿ, ಹಸಿ ಈರುಳ್ಳಿ ಮತ್ತು ಬಿಸಿ ರೊಟ್ಟಿಯ ಜೊತೆ ಎಲೆಯ ಮೇಲೆ ಕೊಡುತ್ತಿದ್ದಳು.

"ಮುಳ್ಳು ಹುಷಾರಮ್ಮಾ. ಮಾತಾಡ್ತಾ ತಿನ್ನಬೇಡಿ," ಎಂದಳು. ಸ್ವಲ್ಪ ಹೊತ್ತು ನೋಡಿ, "ಆ ಭಯ ನಿಮಗಿಲ್ಲ ಬಿಡಿ. ಜಗಳ ಆಡ್ಕೊಂಡು ಬಂದಿದೀರಾ?" ಎಂದಳು.

"ಇಲ್ಲಮ್ಮ," ಎಂದರು ಮಾವ, ಮೀನಿಗೆ.

"ಮತ್ತೆ ಅಕ್ಕನ ಮುಖ ನೋಡದೇ ತಿಂತಾ ಇದೀರಲ್ಲ. ಈ ಬೆಂಚಲ್ಲಿ ಜೋಡಿಗಳನ್ನ ದಿನಾ ನೋಡ್ತೀನಿ ನಾನು. ಹೊಸದಾಗಿ ಮದುವೆಯಾದವರು ಮೀನು ಬಿಟ್ಟು ಮುಖ ನೋಡ್ತಾರೆ. ಹಳಬರು ಮುಖ ಬಿಟ್ಟು ಮೀನು ನೋಡ್ತಾರೆ. ಆದ್ರೆ ಹಳಬರೂ ಮುಳ್ಳು ಸಿಕ್ಕಿದಾಗ ಒಂದು ಸಲ ತಲೆ ಎತ್ತುತ್ತಾರಪ್ಪ."

ಅತ್ತೆ ನಗಲು ಹೋದರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಅವರು ಬೆಂಚಿನ ಅಂಚು ಹಿಡಿದು ಬಗ್ಗಿದರು. ಮಾವ ತಟ್ಟನೆ ಎದ್ದು ಅವರ ಬೆನ್ನ ಹಿಂದೆ ನಿಂತು, ಒಂದು ಕೈಯಲ್ಲಿ ಬೆನ್ನು ನೀವುತ್ತಾ ಇನ್ನೊಂದರಲ್ಲಿ ನೀರಿನ ಲೋಟ ಬಾಯಿಗೆ ಹಿಡಿದರು. ಲೋಟ ಬಾಯಿ ತಪ್ಪಿ ನೀರು ಗದ್ದದ ಮೇಲೆ ಸುರಿಯಿತು. ಮಾವನ ಕಣ್ಣು ಕೆರೆಯ ಆಚೆ ದಡದಲ್ಲಿತ್ತು.

ಮೀನಿನವಳು ಕೇಳದೆಯೇ ಇನ್ನೊಂದು ರೊಟ್ಟಿ ತಂದಿಟ್ಟಳು. "ಅಣ್ಣಾ, ನೀರು ಕುಡಿಸೋವಾಗಲಾದ್ರೂ ನೋಡಿ ಕುಡಿಸ್ರಿ," ಎಂದಳು, ತಮಾಷೆಯಿಲ್ಲದೆ.

ಮೀನು ಚೆನ್ನಾಗಿತ್ತು ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ. ಆ ದಿನ ಅವರ ಎಲೆಯಲ್ಲಿ ಅರ್ಧ ಉಳಿಯಿತು.

ಕೆರೆ ಏರಿಯ ಮೇಲೆ, ನಿಂತ ಕಾಲ ಮೇಲೆ ಫೋಟೋ ತೆಗೆದುಕೊಡುವವನೊಬ್ಬ ಬೆನ್ನು ಹತ್ತಿದ. "ಸರ್, ಮೇಡಂ, ಒಂದೇ ಒಂದು! ಹಿಂದೆ ಕೆರೆ, ಮುಂದೆ ನೀವು. ನೆನಪಿಗಿರುತ್ತೆ."

"ಒಂದು ಫೋಟೋ ಇದೆಯಪ್ಪಾ," ಎಂದರು ಅತ್ತೆ, ಎದೆಗವಚಿದ ಚೀಲ ತಟ್ಟುತ್ತಾ. "ಒಳಗಿಂದು. ಆಗಲಿ, ಹೊರಗಿಂದೂ ಒಂದು ತೆಗಿ."

ಅವನಿಗೆ ಅರ್ಥವಾಗದಿದ್ದರೂ ಉತ್ಸಾಹ ಕಡಿಮೆಯಾಗಲಿಲ್ಲ. ಅವರನ್ನು ಕಲ್ಲಿನ ಕಟ್ಟೆಯ ಮೇಲೆ ಕೂರಿಸಿ, ಒಂದು ಕಣ್ಣು ಮುಚ್ಚಿದ. "ಸರ್, ಮೇಡಂ ಕಡೆ ನೋಡಿ. ಇನ್ನೂ ಸ್ವಲ್ಪ. ಅಲ್ಲ ಸರ್, ಅದು ದೋಣಿ. ಮೇಡಂ ಈ ಕಡೆ ಇದಾರೆ. ಸರ್, ನಾಚಿಕೆ ಯಾಕೆ? ನಿಮ್ಮ ಮಿಸೆಸ್ಸೇ ಅಲ್ವಾ?"

ಮಾವನ ಕತ್ತು ತಿರುಗಿತು, ಕಣ್ಣು ತಿರುಗಲಿಲ್ಲ. ಹತ್ತು ನಿಮಿಷದಲ್ಲಿ ಫೋಟೋ ಕೈಗೆ ಬಂತು. ಅದರಲ್ಲಿ ಕೆರೆ ಸ್ಪಷ್ಟವಾಗಿತ್ತು, ದೋಣಿ ಸ್ಪಷ್ಟವಾಗಿತ್ತು. ಮಾವ ದೋಣಿಯನ್ನು ನೋಡುತ್ತಿದ್ದರು. ಅತ್ತೆ ಮಾವನನ್ನು ನೋಡುತ್ತಿದ್ದರು.

ಅತ್ತೆ ಅದನ್ನು ಆಸ್ಪತ್ರೆಯ ಕಾಗದಗಳ ನಡುವೆ ಇಟ್ಟರು. ಅಲ್ಲಿಂದ ನಿಲ್ದಾಣದವರೆಗೆ ಒಂದು ಮಾತೂ ಆಡಲಿಲ್ಲ. ಮಾತಾಡಿಸಲು ಮಾವ ಪಾಪ ಬಹಳ ಪ್ರಯತ್ನಪಟ್ಟರು. ದೀಪದ ಕಂಬ ಒಂಬತ್ತೂವರೆ ಅಡಿ ಎಂದರು. ಅಂಚೆ ಡಬ್ಬಿ ವಾಲಿದೆ ಎಂದರು. ಊರು ಚಿಕ್ಕದಾದರೂ ಚೊಕ್ಕವಾಗಿದೆ ಎಂದರು. ಅತ್ತೆ ಹ್ಞೂಂ ಎಂದೂ ಅನ್ನಲಿಲ್ಲ.

ಐದು ಗಂಟೆಗೆ ಎರಡನೇ ಪ್ಲಾಟ್‌ಫಾರ್ಮಿನ ಸಿಮೆಂಟು ಬೆಂಚಿನ ಮೇಲೆ ಕೂತು ಅತ್ತೆ ಬಾಯಿಬಿಟ್ಟರು.

"ನಾನು ಬರಲ್ಲ."

"ಎಲ್ಲಿಗೆ?" ಎಂದರು ಮಾವ, ಹಳಿಗೆ.

"ಆಸ್ಪತ್ರೆಗೆ. ನೀವು ಹೋಗಿ ರಿಪೋರ್ಟು ಇಸ್ಕೊಂಡು ಬನ್ನಿ. ಹೇಗೂ ನಿಮಗೆ ಗೊತ್ತೇ ಇರೋ ವಿಷಯ. ನಾನು ವಾಪಸ್ ರೈಲು ಹತ್ತಿ ಮನೆಗೆ ಹೋಗಿ ನನ್ನ ದಿಂಬು ನಾನೇ ಹೊಲ್ಕೊಳ್ತೀನಿ. ನೀವು ಹೊರಗಿಂದು ತಯಾರು ಮಾಡಿಟ್ಟಿದೀರಲ್ಲ, ಒಳಗಿಂದು ಬಾಕಿ ಇದೆ."

"ಏನು ಮಾತಾಡ್ತಿದೀಯ? ಏನು ತಯಾರು ಮಾಡಿದೀನಿ?"

"ಗೋಣಿ ಮುಚ್ಚಿಟ್ಟ ಎರಡು ಹಲಗೆ. ಗಂಟಿಲ್ಲ, ಸೀಳಿಲ್ಲ. ನನ್ನ ಕಣ್ಣು ನಿಮ್ಮಷ್ಟು ಚುರುಕಲ್ಲದೇ ಇರಬಹುದು, ಕುರುಡಂತೂ ಅಲ್ಲ."

"ಅದು ಅಡುಗೆಮನೆ ಕಪಾಟಿಗೆ ಕಣೇ," ಎಂದರು ಮಾವ. "ಎರಡು ವರ್ಷದಿಂದ ನೀನೇ ಪ್ರಾಣ ತಿಂತಾ ಇದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ಕೊಡೋಣ ಅಂತ..."

ಅತ್ತೆ ಒಂದು ಕ್ಷಣ ತಬ್ಬಿಬ್ಬಾದರು. ಆದರೆ ಮೂರು ವಾರದ ದುಃಖ ಒಂದು ಕಪಾಟಿಗೆ ಮುಗಿಯುವಂಥದಲ್ಲ. "ಹಾಗಾದ್ರೆ ಯಾಕೆ ನೋಡಲ್ಲ ನನ್ನ? ಹೇಳಿ. ಅಳತೆ ಆಗಿದೆ ಅಂತ ತಾನೆ?"

"ಅಯ್ಯೋ, ಆಗಬಾರದು ಅಂತ!"

ಪಕ್ಕದ ಬೆಂಚಿನವರು ತಿರುಗಿ ನೋಡುವಷ್ಟು ಜೋರಾಗಿ ಬಂತು ಅದು. ಮಾವ ದನಿ ತಗ್ಗಿಸಿದರು. ಹಳಿಗಳನ್ನೇ ನೋಡುತ್ತಾ, ಇಪ್ಪತ್ತೆರಡು ವರ್ಷದಿಂದ ಯಾರಿಗೂ ಹೇಳದ್ದನ್ನು ಹೇಳಿದರು.

"ಅಮ್ಮ ಜ್ವರ ಬಂದು ಮಲಗಿದ್ದಳಲ್ಲ. ಒಂದು ಸಂಜೆ ಎದ್ದು ಕೂತು ಹಾಲು ಕುಡೀತಿದ್ದಳು. ಚೆನ್ನಾಗೇ ಇದ್ದಳು. ನಾನು ಬಾಗಿಲಲ್ಲಿ ನಿಂತು ಹಾಗೇ ನೋಡಿದೆ. ನಾಲ್ಕು ಹತ್ತು ಅಂತ ಬಂತು. ನಾನು ಕೇಳಲಿಲ್ಲ, ತಾನಾಗೇ ಬಂತು. ಎಂಟನೇ ದಿನ ಹೋದಳು. ಮತ್ತೆ ನೋಡೋ ಅಗತ್ಯನೇ ಬೀಳಲಿಲ್ಲ. ಅದೇ ಅಳತೇಲಿ ಮಾಡಿದೆ."

ಅತ್ತೆ ಚೀಲವನ್ನು ಇನ್ನೂ ಬಿಗಿಯಾಗಿ ಅವಚಿಕೊಂಡರು.

"ಅದಲ್ಲ," ಎಂದರು ಮಾವ. "ಒಳಗೆ ಇಳಿಸಿದಾಗ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಅದನ್ನ ನೋಡಿ ನನಗೆ... ಒಂದು ಗಳಿಗೆ ಖುಷಿಯಾಯ್ತು. ನನ್ನ ಕೈಕೆಲಸ ನೋಡಿ. ಅಮ್ಮ ಮಲಗಿದಾಳೆ, ನಾನು ಕೆಲಸ ಚೆನ್ನಾಗಿ ಬಂತಲ್ಲ ಅಂತ ಖುಷಿಪಡ್ತಿದೀನಿ. ಆ ಕಣ್ಣು ಇದು. ಇದನ್ನ ಇಟ್ಕೊಂಡು ನಿನ್ನ ಹೇಗೆ ನೋಡಲಿ? ಅಂಕಿ ಬಂದುಬಿಟ್ರೆ?"

ದೂರದಲ್ಲಿ ರೈಲಿನ ಕೂಗು ಕೇಳಿತು. ಇನ್ನೂ ಬಹಳ ದೂರ. ಹಮಾಲನೊಬ್ಬ ಖಾಲಿ ಗಾಡಿ ತಳ್ಳಿಕೊಂಡು ಹೋದ.

"ಅಮ್ಮನಿಗೆ ಆಗ ಎಪ್ಪತ್ತನಾಲ್ಕು," ಎಂದರು ಅತ್ತೆ ಕೊನೆಗೆ. "ಆ ವಾರ ಅವರನ್ನ ನೀವೊಬ್ಬರೇ ನೋಡಿದ್ದಲ್ಲ. ಪೋಸ್ಟ್‌ಮ್ಯಾನೂ ನೋಡಿದ್ದ. ಹಾಲಿನವಳೂ ನೋಡಿದ್ದಳು."

"ತಮಾಷೆ ಮಾಡಬೇಡ."

"ಮಾಡದೇ ಏನ್ರೀ ಮಾಡಲಿ? ನೀವು ನೋಡದೇ ಇದ್ರೆ ನಾನು ಉಳೀತೀನಿ ಅಂತಾದ್ರೆ, ನಾಳೆ ಡಾಕ್ಟರಿಗೂ ಹೇಳಿಬಿಡೋಣ, ಕಣ್ಣು ಮುಚ್ಕೊಂಡು ಕೂತ್ಕೊಳ್ಳಪ್ಪಾ, ಎಲ್ಲ ಸರಿಹೋಗುತ್ತೆ ಅಂತ." ಅತ್ತೆ ಗಂಡನ ಕಡೆ ಪೂರ್ತಿ ತಿರುಗಿ ಕೂತರು. "ಮೂರು ವಾರ ಆಯ್ತು. ಕನ್ನಡಿ ಬಿಟ್ರೆ ನನ್ನನ್ನ ಮನೇಲಿ ಯಾರೂ ನೋಡಿಲ್ಲ. ಸತ್ತವರನ್ನಾದ್ರೂ ನೀವು ಬಾಗಿಲಲ್ಲಿ ನಿಂತು ಒಂದು ಸಲ ನೋಡ್ತೀರಿ. ನಾನು ಅದಕ್ಕಿಂತ ಕಡೆಯಾ?"

ಮಾವ ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡರು.

"ಅಂಕಿ ಬಂದ್ರೆ ಬರಲಿ. ನನಗೇನೂ ಭಯ ಇಲ್ಲ. ಎಷ್ಟೋ ಅಷ್ಟು. ನಾಳೆ ಒಂಬತ್ತು ಗಂಟೆಗೆ ಗೊತ್ತಿಲ್ಲದ ಯಾರೋ ನನ್ನ ನೋಡಿ ಏನೋ ಹೇಳ್ತಾನೆ. ಅವನಿಗಿಂತ ಮೊದಲು ನೀವು ನೋಡಬೇಕು. ಇಲ್ಲಾಂದ್ರೆ ಈ ರೈಲು ನಾನು ಹತ್ತಲ್ಲ. ಆಣೆಗೂ ಹತ್ತಲ್ಲ."

ರೈಲಿನ ಮುಂದೀಪ ತಿರುವಿನಲ್ಲಿ ಕಾಣಿಸಿತು. ಜನ ಚೀಲ ಎತ್ತಿಕೊಂಡು ಅಂಚಿಗೆ ಸರಿದರು. ಅತ್ತೆ ಎದ್ದು ನಿಂತರು. ಆದರೆ ಅಂಚಿಗೆ ಹೋಗಲಿಲ್ಲ. ಬೆಳಗಿನಿಂದ ಎದೆಗವಚಿಕೊಂಡಿದ್ದ ಕೈಚೀಲವನ್ನು ಬೆಂಚಿನ ಮೇಲಿಟ್ಟು, ಕೈಗಳನ್ನು ಇಳಿಬಿಟ್ಟು, ಮಾವನ ಎದುರಿಗೆ ನೆಟ್ಟಗೆ ನಿಂತರು. ತಲೆಯಿಂದ ಪಾದದವರೆಗೆ.

ಮಾವ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಹಾಕಿಕೊಂಡರು. ಆಮೇಲೆ ತಲೆ ಎತ್ತಿದರು.

ನೋಡಿದರು. ಬೈತಲೆಯ ಎರಡೂ ಕಡೆ ಮೂರು ವಾರದಲ್ಲಿ ಮೇಲೆದ್ದ ಬಿಳಿಕೂದಲು ನೋಡಿದರು. ಕಣ್ಣ ಕೆಳಗಿನ ಕಪ್ಪು, ಇಳಿದ ಕೆನ್ನೆ, ಕತ್ತಿನ ಬುಡದಲ್ಲಿ ಎದ್ದು ಕಾಣುತ್ತಿದ್ದ ಎಲುಬು, ಏನನ್ನೂ ಬಿಡದೆ ನಿಧಾನವಾಗಿ ನೋಡಿದರು. ಅತ್ತೆ ಅಲ್ಲಾಡಲಿಲ್ಲ. ರೈಲು ಗಾಳಿ ಎಬ್ಬಿಸಿಕೊಂಡು ಬಂದು, ಕಿರುಚಿ, ಅವರ ಬೆನ್ನ ಹಿಂದೆ ನಿಂತಿತು. ಬಾಗಿಲುಗಳು ತೆರೆದುಕೊಂಡವು. ಜನ ಅವರ ಎರಡೂ ಪಕ್ಕದಿಂದ ಹರಿದುಹೋದರು. ಯಾರದೋ ಪೆಟ್ಟಿಗೆಯ ಮೂಲೆ ಅತ್ತೆಯ ಮೊಣಕೈಗೆ ತಗುಲಿತು. ಅವರು ಅದನ್ನೂ ಲೆಕ್ಕಿಸಲಿಲ್ಲ.

ಮಾವನ ಕಣ್ಣು ಎದೆಯ ಹತ್ತಿರ ಬಂದು ನಿಂತೇಬಿಟ್ಟಿತು. ಮುಂದಕ್ಕೆ ಹೋಗಲಿಲ್ಲ. ಹುಬ್ಬು ಗಂಟಿಕ್ಕಿತು.

ಮಚ್ಚೆ ಇದ್ದದ್ದೂ ಅಲ್ಲೇ.

"ಹೇಳಿ," ಎಂದರು. "ಪರವಾಗಿಲ್ಲ, ಹೇಳಿಬಿಡಿ. ಎಷ್ಟು ಬಂತು?"

"ಸ್ವೆಟರಿನ ಗುಂಡಿ ಒಂದಕ್ಕೊಂದು ತಪ್ಪಿ ಹಾಕಿದೀಯ," ಎಂದರು ಮಾವ. "ಬೆಳಗಿನಿಂದ ಹೀಗೇ ಊರೆಲ್ಲಾ ಸುತ್ತಿದೀಯಲ್ಲೇ."